ಕಂತುಗಳ ಕಟ್ಟು: ಕುವೈತಿನ ಕನ್ನಡ ಮನೆಗಳಲ್ಲಿ ಧಾರಾವಾಹಿಗಳನ್ನು ಜೋಡಿಸಿಟ್ಟ ಬಗೆ

ಕುವೈತಿನ ಹಳೆಯ ಕನ್ನಡ ಮನೆಗಳಲ್ಲಿ, ಟಿ.ವಿ. ಮೇಜಿನ ಕೆಳಗಿನ ಅರೆಯಲ್ಲೋ ಮಂಚದಡಿಯ ರಟ್ಟಿನ ಪೆಟ್ಟಿಗೆಯಲ್ಲೋ, ಇಂದಿಗೂ ಕೆಲವು ವಿಡಿಯೊ ಕ್ಯಾಸೆಟ್ಟುಗಳು ಸಿಗುತ್ತವೆ. ಅಂತಹ ಒಂದು ಕ್ಯಾಸೆಟ್ಟಿನ ಬೆನ್ನಿಗೆ ಅಂಟಿಸಿದ ಬಿಳಿಯ ಪಟ್ಟಿಯ ಮೇಲೆ ನೀಲಿ ಶಾಯಿಯಲ್ಲಿ ಹೀಗೆ ಬರೆದಿದೆ: ‘ಮಾಲ್ಗುಡಿ – 3, 4, 5, 7’. ಆರನೆಯ ಕಂತು ಏಕಿಲ್ಲ ಎಂಬುದನ್ನು ಈಗ ಯಾರೂ ಹೇಳಲಾರರು. ಊರಿನಲ್ಲಿ ಅಂದು ಕರೆಂಟು ಹೋಗಿದ್ದಿರಬಹುದು. ಮುದ್ರಿಸುವವರು ಮದುವೆಗೆ ಹೋಗಿದ್ದಿರಬಹುದು. ಆದರೆ ಬರೆದವರು ‘3ರಿಂದ 7’ ಎಂದು ಬರೆಯದೆ, ಇಲ್ಲದ್ದನ್ನು ಇಲ್ಲವೆಂದೇ ಗುರುತಿಸಿದ್ದಾರೆ. ನಮ್ಮ ಪಾಲಿಗೆ ಆ ಪಟ್ಟಿಯೊಂದು ಚಿಕ್ಕ ದಾಖಲೆ.

ಇಂದು ಅದೇ ಕಂತುಗಳು ಹಾರ್ಡ್‌ಡಿಸ್ಕಿನೊಳಗೆ ‘ವಿಡಿಯೊ 1’, ‘ಹೊಸ ವಿಡಿಯೊ’, ‘ಅಪ್ಪನ ಟೇಪು ಕೊನೆಯದು’ ಎಂಬ ಹೆಸರುಗಳಲ್ಲಿ ಬಿದ್ದಿವೆ. ಕ್ಯಾಸೆಟ್ಟಿನ ಕಾಲದಲ್ಲಿ ಇದ್ದ ಕ್ರಮವು ಕಡತಗಳ ಕಾಲದಲ್ಲಿ ನಮ್ಮ ಕೈಜಾರುತ್ತಿದೆ. ಹಲವು ಕಂತುಗಳ ಕತೆಯೊಂದನ್ನು ಮನೆಯಲ್ಲಿ ಜೋಡಿಸಿಡುವ ಕೆಲಸಕ್ಕೆ ನಮ್ಮಲ್ಲಿ ಒಂದು ಚರಿತ್ರೆಯಿದೆ. ಅದನ್ನು ಸ್ಮರಿಸಿಕೊಂಡು, ಮುಂದೆ ಮಾಡಬೇಕಾದುದನ್ನು ಸದಸ್ಯ ಕುಟುಂಬಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಓಲೆಗರಿಯಿಂದ ವಾರಪತ್ರಿಕೆಗೆ

ಬಿಡಿ ಭಾಗಗಳನ್ನು ಕ್ರಮ ತಪ್ಪದಂತೆ ಇಡುವ ಚಿಂತೆ ಕನ್ನಡಕ್ಕೆ ಹೊಸತಲ್ಲ. ಓಲೆಗರಿಯ ಕಾಲದಲ್ಲಿ ಗರಿಗಳಿಗೆ ರಂಧ್ರ ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಯಿಟ್ಟು ಕಟ್ಟುತ್ತಿದ್ದರು. ದಾರ ಹರಿದರೂ ಕ್ರಮ ಉಳಿಯಲೆಂದು ಗರಿಯ ಅಂಚಿನಲ್ಲಿ ಅಂಕೆ ಬರೆಯುತ್ತಿದ್ದರು. ಕುಮಾರವ್ಯಾಸನ ಭಾರತದಲ್ಲಿ ಹತ್ತು ಪರ್ವಗಳು, ಪರ್ವದೊಳಗೆ ಸಂಧಿಗಳು, ಪ್ರತಿ ಸಂಧಿಯ ಆರಂಭದಲ್ಲಿ ಅದರ ಕಥಾಸಾರವನ್ನು ಹೇಳುವ ‘ಸೂಚನೆ’ಯ ಪದ್ಯ. ರಾತ್ರಿಯಿಂದ ರಾತ್ರಿಗೆ ಮುಂದುವರಿಯುವ ಗಮಕ ವಾಚನದಲ್ಲಿ, ನಿನ್ನೆ ಬಾರದವರಿಗೂ ಇಂದಿನ ಕತೆ ಎಲ್ಲಿದೆ ಎಂಬುದು ಆ ಒಂದು ಪದ್ಯದಿಂದ ತಿಳಿಯುತ್ತಿತ್ತು. ಇಂದಿನ ಮಾಧ್ಯಮ ತಂತ್ರಾಂಶಗಳು ಕಂತಿನ ಹೆಸರಿನ ಕೆಳಗೆ ತೋರಿಸುವ ಎರಡು ಸಾಲಿನ ಸಾರಾಂಶದ ಕೆಲಸವೂ ಅದೇ.

ಮುಂದೆ ವಾರಪತ್ರಿಕೆಗಳು ಬಂದವು. 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಆರಂಭವಾದವು. ‘ಧಾರಾವಾಹಿ’ ಎಂಬ ಮಾತು ಮನೆಮಾತಾದುದು ಟಿ.ವಿ.ಯಿಂದಲ್ಲ, ಇಂತಹ ಪತ್ರಿಕೆಗಳಲ್ಲಿ ವಾರವಾರವೂ ಮುಂದುವರಿಯುತ್ತಿದ್ದ ಕಾದಂಬರಿಗಳಿಂದ. ಆ ಪುಟಗಳನ್ನು ಹರಿದು ತೆಗೆದು, ವಾರದ ಕ್ರಮದಲ್ಲಿ ಜೋಡಿಸಿ, ದಬ್ಬಳದಿಂದ ಹೊಲಿದು, ರಟ್ಟು ಹಾಕಿ ಪುಸ್ತಕ ಮಾಡಿಟ್ಟ ತಾಯಂದಿರನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಒಂದು ವಾರದ ಸಂಚಿಕೆ ಕೈತಪ್ಪಿದರೆ ನೆರೆಮನೆಯಿಂದ ತಂದು ಕೈಬರಹದಲ್ಲಿ ನಕಲು ಮಾಡಿ ಸೇರಿಸಿದವರೂ ಉಂಟು. ಸಾಲಕ್ಕೂ ಕತೆಗೂ ಕನ್ನಡದಲ್ಲಿ ಒಂದೇ ಮಾತು, ‘ಕಂತು’. ಎರಡರಲ್ಲೂ ನಡುವಿನದೊಂದು ತಪ್ಪಿದರೆ ಲೆಕ್ಕ ಹೊಂದುವುದಿಲ್ಲ.

ಬೆಂಗಳೂರಿನ ಪರದೆಯಿಂದ ಕುವೈತಿನ ಕ್ಯಾಸೆಟ್ಟಿಗೆ

ಕರ್ನಾಟಕದ ಹಳ್ಳಿಗಳು ಟಿ.ವಿ.ಯನ್ನು ಮೊದಲು ಕಂಡದ್ದು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಪ್ರಯೋಗದಲ್ಲಿ. ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದ ಆ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಸೇರಿದ್ದವು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದುದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. 1984ರ ಜುಲೈನಲ್ಲಿ ತೊಡಗಿದ ‘ಹಮ್ ಲೋಗ್’ ಹಿಂದಿ ಧಾರಾವಾಹಿಯೊಂದಿಗೆ ಕಂತಿಗಾಗಿ ಕಾಯುವ ಅಭ್ಯಾಸ ದೇಶಕ್ಕೇ ಹಿಡಿಯಿತು. 1987ರ ಜನವರಿಯಲ್ಲಿ ‘ರಾಮಾಯಣ’ವೂ 1988ರ ಅಕ್ಟೋಬರಿನಲ್ಲಿ ‘ಮಹಾಭಾರತ’ವೂ ಆರಂಭವಾದವು.

ಆ ದಶಕದಲ್ಲಿ ಕೊಲ್ಲಿಗೆ ಬಂದ ನಮ್ಮ ಹಿರಿಯರಿಗೆ ಇವೆಲ್ಲ ಕಣ್ಣಿಗೆ ಕಾಣದ ಸುದ್ದಿಯಾಗಿದ್ದವು. ಕುವೈತ್ 1961ರಲ್ಲೇ ತನ್ನ ಟಿ.ವಿ. ಪ್ರಸಾರ ಆರಂಭಿಸಿದ್ದ ದೇಶ. ಆದರೆ ಇಲ್ಲಿನ ಪರದೆಯ ಮೇಲೆ ಕನ್ನಡವಿರಲಿಲ್ಲ. ಊರಿನಲ್ಲಿ ಭಾನುವಾರ ಬೆಳಿಗ್ಗೆ ಬೀದಿಗಳು ಖಾಲಿಯಾಗಿ ಜನರೆಲ್ಲ ‘ರಾಮಾಯಣ’ದ ಮುಂದೆ ಕುಳಿತಿದ್ದಾಗ, ಇಲ್ಲಿ ಭಾನುವಾರ ಎಂದಿನಂತೆ ದುಡಿಮೆಯ ದಿನ. ಆದ್ದರಿಂದ ಕಂತುಗಳು ಕ್ಯಾಸೆಟ್ಟುಗಳಾಗಿ ಬರಬೇಕಾಯಿತು: ರಜೆಯಿಂದ ಮರಳುವವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲಿ, ಇಲ್ಲವೇ ಬಾಡಿಗೆಯ ವಿಡಿಯೊ ಅಂಗಡಿಗಳ ಮೂಲಕ.

ಇದರಲ್ಲಿ ಒಂದು ಅನುಕೂಲವಿತ್ತು. ಭಾರತದಲ್ಲಿಯೂ ಕುವೈತಿನಲ್ಲಿಯೂ ಟಿ.ವಿ. ಪ್ರಸಾರದ ಪದ್ಧತಿ ಒಂದೇ, ‘ಪಾಲ್’. ಊರಿನಲ್ಲಿ ಮುದ್ರಿಸಿದ ಟೇಪು ಇಲ್ಲಿ ಬಣ್ಣಗೆಡದೆ ಓಡುತ್ತಿತ್ತು. ನೆರೆಯ ಸೌದಿ ಅರೇಬಿಯದ ಪದ್ಧತಿ ‘ಸೆಕಾಂ’, ಅಮೆರಿಕದ್ದು ‘ಎನ್‌ಟಿಎಸ್‌ಸಿ’. ಆದಕಾರಣ ಎಲ್ಲ ಪದ್ಧತಿಗಳನ್ನೂ ಓದಬಲ್ಲ ಯಂತ್ರಗಳಿಗೆ ಕೊಲ್ಲಿಯ ಅಂಗಡಿಗಳಲ್ಲಿ ಬೇಡಿಕೆಯಿತ್ತು.

ಬಳಕೆಯಲ್ಲಿದ್ದ ಟೇಪಿನ ಮೇಲೆ ‘ಇ-180’ ಎಂದು ಅಚ್ಚಾಗಿರುತ್ತಿತ್ತು, ಅಂದರೆ 180 ನಿಮಿಷ. ಅರ್ಧ ಗಂಟೆಯ ಕಂತುಗಳಾದರೆ ಒಂದರಲ್ಲಿ ಆರು ಹಿಡಿಯುತ್ತಿದ್ದವು. ನಿಧಾನಗತಿಯಲ್ಲಿ ಮುದ್ರಿಸಿದರೆ ಹನ್ನೆರಡು, ಆದರೆ ಚಿತ್ರ ಮಸುಕು. ಒಂದೇ ಕಡತದಲ್ಲಿ ಹಲವು ಕಂತುಗಳು ಎಂಬ ಇಂದಿನ ತೊಡಕು ಹುಟ್ಟಿದ್ದು ಟೇಪಿನ ಈ ಉದ್ದದಲ್ಲಿಯೇ. ಕ್ಯಾಸೆಟ್ಟಿನ ಬೆನ್ನಿನ ಒಂದು ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ತುಣುಕೊಂದು ಇರುತ್ತಿತ್ತು. ಅದನ್ನು ಮುರಿದರೆ ಆ ಟೇಪಿನ ಮೇಲೆ ಮತ್ತೇನನ್ನೂ ಮುದ್ರಿಸಲಾಗದು. ಯಾವ ಟೇಪಿನ ತುಣುಕನ್ನು ಮುರಿಯಬೇಕೆಂಬುದು ಮನೆಯವರೆಲ್ಲ ಕೂಡಿ ಮಾಡುವ ತೀರ್ಮಾನವಾಗಿತ್ತು. ಕ್ರಿಕೆಟ್ ಪಂದ್ಯದ ಟೇಪಿನಲ್ಲಿ ಅದು ಉಳಿಯುತ್ತಿತ್ತು. ಮದುವೆಯ ಮತ್ತು ‘ಮಾಲ್ಗುಡಿ’ಯ ಟೇಪುಗಳಲ್ಲಿ ಮುರಿದಿರುತ್ತಿತ್ತು.

‘ಮಾಲ್ಗುಡಿ’ಗೆ ಈ ಮರ್ಯಾದೆ ಏಕೆಂದು ಬಿಡಿಸಿ ಹೇಳಬೇಕಿಲ್ಲ. ಆರ್.ಕೆ. ನಾರಾಯಣರ ಕತೆಗಳನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದರು. ಮಾತು ಹಿಂದಿ, ಕೆಲವು ಕಂತುಗಳಲ್ಲಿ ಇಂಗ್ಲಿಷ್. ಆದರೆ ಮಳೆ, ಹೆಂಚಿನ ಮನೆ, ದೊಡ್ಡಮನೆಯ ಜಗಲಿ, ಮುಖಗಳು ಎಲ್ಲವೂ ನಮ್ಮವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್, ಎಲ್. ವೈದ್ಯನಾಥನ್ ಅವರ ಸಂಗೀತ, ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು. ಮರಳುಗಾಡಿನ ಫ್ಲ್ಯಾಟಿನಲ್ಲಿ ಕುಳಿತು ಮಲೆನಾಡಿನ ಮಳೆಯನ್ನು ನೋಡಬಹುದಾಗಿದ್ದುದು ಆ ಟೇಪುಗಳಲ್ಲಿ.

1990ರ ಕಪಾಟುಗಳು

1990ರ ಆಗಸ್ಟ್ 2, ಗುರುವಾರ, ಇರಾಕಿನ ಸೇನೆ ಕುವೈತನ್ನು ಹೊಕ್ಕಿತು. ಅನಂತರದ ವಾರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಬಾಗ್ದಾದಿನ ಮಾರ್ಗವಾಗಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಮುಂಬಯಿಗೆ ಮರಳಿದರು. ಅವರಲ್ಲಿ ಕರಾವಳಿಯ ಮತ್ತು ಒಳನಾಡಿನ ಕನ್ನಡ ಕುಟುಂಬಗಳೂ ಇದ್ದವು. ಕೈಯಲ್ಲಿ ಹಿಡಿಯಬಹುದಾದುದು ಪಾಸ್‌ಪೋರ್ಟು, ಮಕ್ಕಳ ಪ್ರಮಾಣಪತ್ರ, ಸ್ವಲ್ಪ ಚಿನ್ನ, ಒಂದೆರಡು ಬಟ್ಟೆ. ಕ್ಯಾಸೆಟ್ಟುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಹಿಡಿಯಬೇಕಾಗಿಯೂ ಇರಲಿಲ್ಲ.

ಆ ತೆರವು ನಡೆಯುತ್ತಿದ್ದಾಗಲೇ, ಸೆಪ್ಟೆಂಬರ್ 30ರಂದು, ದಾವಣಗೆರೆಯ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತವಾಗಿ ಶಂಕರ್‌ನಾಗ್ ತೀರಿಕೊಂಡರು. ಊರಿಗೆ ಆಗತಾನೇ ಮರಳಿ, ಮುಂದೇನೆಂದು ತಿಳಿಯದೆ ಕುಳಿತಿದ್ದವರಿಗೆ ಆ ಸುದ್ದಿ ಬಂದೆರಗಿತು. ಅವರು ಕಟ್ಟಿದ ಮಾಲ್ಗುಡಿಯ ಕಂತುಗಳು ಕುವೈತಿನ ಬೀಗ ಹಾಕಿದ ಮನೆಗಳಲ್ಲಿ ಉಳಿದಿದ್ದವು. 1991ರ ಫೆಬ್ರವರಿಯಲ್ಲಿ ದೇಶ ಬಿಡುಗಡೆಗೊಂಡ ಮೇಲೆ ಮರಳಿದವರಲ್ಲಿ ಹಲವರಿಗೆ ತಮ್ಮ ಮನೆಗಳು ಲೂಟಿಯಾಗಿರುವುದು ಕಂಡಿತು. ಇಲ್ಲಿನ ಕನ್ನಡ ಮನೆಗಳಲ್ಲಿ ಈಗ ಉಳಿದಿರುವ ಟೇಪುಗಳಲ್ಲಿ ಬಹುಪಾಲು ಆ ಬಳಿಕ ಹೊಸದಾಗಿ ಕೂಡಿಸಿದವು. ನಮ್ಮ ಮನೆಯ ಸಂಗ್ರಹಗಳಿಗೆ 1991 ಎರಡನೆಯ ಆರಂಭ.

ದಿನಕ್ಕೊಂದು ಕಂತು

ಬಿಡುಗಡೆಯ ಅನಂತರದ ವರುಷಗಳಲ್ಲಿ ಮಹಡಿಗಳ ಮೇಲೆ ಡಿಶ್‌ಗಳು ಹೆಚ್ಚಿದವು. 1994ರಲ್ಲಿ ಉದಯ ಟಿ.ವಿ., 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಆರಂಭವಾದವು. ಇದರೊಂದಿಗೆ ಧಾರಾವಾಹಿಯ ಸ್ವರೂಪವೇ ಬದಲಾಯಿತು. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ವನ್ನು ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಕೂಡಿ ನಿರ್ದೇಶಿಸಿದ್ದರು. ಅನಂತರ ಸೀತಾರಾಂ ಅವರ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’. ಗಿರೀಶ್ ಕಾಸರವಳ್ಳಿಯವರ ‘ಗೃಹಭಂಗ’. ವೈಶಾಲಿ ಕಾಸರವಳ್ಳಿಯವರ ‘ಮೂಡಲಮನೆ’. ಹದಿಮೂರು ವಾರಗಳ ಕತೆ ಹೋಗಿ ನೂರಾರು ದಿನಗಳ ಕತೆ ಬಂದಿತು.

ಕುವೈತಿನ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ಊರಿನ ರಾತ್ರಿ ಒಂಬತ್ತರ ಧಾರಾವಾಹಿ ಇಲ್ಲಿ ಸಂಜೆ ಆರೂವರೆಗೆ. ಅನೇಕರು ಆಗ ಇನ್ನೂ ಕಚೇರಿಯ ಬಸ್ಸಿನಲ್ಲಿ. ಆದ್ದರಿಂದ ಟೈಮರ್ ಇಟ್ಟು ಮುದ್ರಿಸಿ, ವಾರದ ಕಂತುಗಳನ್ನು ಗುರುವಾರ ರಾತ್ರಿ ಒಟ್ಟಿಗೆ ನೋಡುವ ರೂಢಿ ಬೆಳೆಯಿತು. ವಾರದ ರಜೆ ಗುರುವಾರ–ಶುಕ್ರವಾರದಿಂದ ಶುಕ್ರವಾರ–ಶನಿವಾರಕ್ಕೆ ಬದಲಾದುದು 2007ರ ಸೆಪ್ಟೆಂಬರಿನಲ್ಲಿ. ಒಂದು ಟೇಪಿಗೆ ಒಂದು ವಾರ. ಪಟ್ಟಿಯ ಮೇಲೆ ಅಂಕೆಗೆ ಬದಲು ತಾರೀಕು. ದಿನವಹಿ ಧಾರಾವಾಹಿಗೆ ಕಂತಿನ ಸಂಖ್ಯೆಗಿಂತ ತಾರೀಕೇ ನಂಬಿಕೆಯ ಗುರುತು ಎಂಬುದನ್ನು ನಮ್ಮವರು ಅನುಭವದಿಂದ ಕಂಡುಕೊಂಡರು.

ಕಡತಕ್ಕೊಂದು ಹೆಸರು

ಮುಂದಿನ ಹೆಜ್ಜೆಗಳು ಬೇಗ ಬೇಗ ಬಂದವು: ವಿ.ಸಿ.ಡಿ., ಡಿ.ವಿ.ಡಿ., ಹಾರ್ಡ್‌ಡಿಸ್ಕ್. 2002ರ ಸುಮಾರಿಗೆ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಹವ್ಯಾಸಿಗಳು ಬರೆದ ತಂತ್ರಾಂಶವೊಂದು ಬೆಳೆದು, 2014ರಲ್ಲಿ ‘ಕೋಡಿ’ ಎಂಬ ಹೆಸರು ಪಡೆಯಿತು. ಅದರಿಂದಲೇ ಕವಲೊಡೆದುದು ‘ಪ್ಲೆಕ್ಸ್’. 2018ರಲ್ಲಿ ಬೇರೊಂದು ತಂತ್ರಾಂಶದ ಕವಲಾಗಿ ಬಂದದ್ದು ‘ಜೆಲ್ಲಿಫಿನ್’. ಇವು ಮನೆಯ ಕಡತಗಳನ್ನು ಗ್ರಂಥಾಲಯದಂತೆ ಜೋಡಿಸಿ ಟಿ.ವಿ. ಪರದೆಗೆ ತರುತ್ತವೆ. ಆದರೆ ಕಡತದೊಳಗೇನಿದೆ ಎಂಬುದು ಅವಕ್ಕೆ ತಿಳಿಯದು. ಓದುವುದು ಹೆಸರನ್ನು ಮಾತ್ರ. ಹೆಸರು ತಪ್ಪಾದರೆ ಜೋಡಣೆಯೂ ತಪ್ಪು. ನಮ್ಮ ಮನೆಗಳಲ್ಲಿ ಈ ಕೆಲಸಕ್ಕೆ ಕೈಹಾಕಿ ಎಡವಿ ಕಲಿತದ್ದನ್ನು ಇಲ್ಲಿ ಹೇಳುತ್ತೇವೆ.

ಪ್ರತಿ ಧಾರಾವಾಹಿಗೂ ಒಂದು ಫೋಲ್ಡರ್, ಅದರೊಳಗೆ ಸರಣಿಗೊಂದು ಫೋಲ್ಡರ್. ಕಂತಿನ ಗುರುತು ‘ಎಸ್01ಇ05’ ಎಂಬ ಮಾದರಿಯಲ್ಲಿರಬೇಕು: ಮೊದಲ ಸರಣಿಯ ಐದನೆಯ ಕಂತು. ಆ ಎರಡು ಅಕ್ಷರಗಳೂ ಅಂಕೆಗಳೂ ಇಂಗ್ಲಿಷಿನವೇ ಆಗಿರಬೇಕು. ಕನ್ನಡ ಅಂಕಿಗಳನ್ನು ಬರೆದರೆ ತಂತ್ರಾಂಶವು ಅವನ್ನು ಗುರುತಿಸುವುದೆಂಬ ಭರವಸೆಯಿಲ್ಲ. ಐದನ್ನು 05 ಎಂದು ಬರೆಯುವುದಕ್ಕೂ ಕಾರಣವಿದೆ. ಅಕ್ಷರಗಳ ಲೆಕ್ಕದಲ್ಲಿ ಜೋಡಿಸುವ ಯಂತ್ರಕ್ಕೆ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ. ಸೊನ್ನೆ ಸೇರಿಸಿದರೆ ಆ ತಪ್ಪು ಆಗದು. ಧಾರಾವಾಹಿಯ ಹೆಸರನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಎಲ್ಲೆಡೆಯೂ ಒಂದೇ ಕಾಗುಣಿತವಿರಬೇಕು. ‘ಮಾಯಾಮೃಗ’ ಒಂದು ಕಡೆ, ‘ಮಾಯಮೃಗ’ ಇನ್ನೊಂದು ಕಡೆ ಆದರೆ ಯಂತ್ರದ ಲೆಕ್ಕಕ್ಕೆ ಅವು ಎರಡು ಧಾರಾವಾಹಿಗಳು. ‘ಮುಕ್ತ’ ಮತ್ತು ‘ಮುಕ್ತ ಮುಕ್ತ’ ನಿಜವಾಗಿಯೂ ಎರಡು ಬೇರೆ ಧಾರಾವಾಹಿಗಳು; ಹೆಸರಿನ ಮುಂದೆ ಆರಂಭದ ವರ್ಷ ಸೇರಿಸಿದರೆ ಗೊಂದಲ ತಪ್ಪುತ್ತದೆ.

ದಿನವಹಿ ಧಾರಾವಾಹಿಗೆ ಹಳೆಯ ಟೇಪುಗಳ ರೂಢಿಯೇ ಸರಿ: ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ತಾರೀಕು. ವರ್ಷ ಮೊದಲು ಬಂದರೆ ಮಾತ್ರ ಕಡತಗಳು ಕಾಲಕ್ರಮದಲ್ಲಿ ನಿಲ್ಲುತ್ತವೆ. ಮೇಲೆ ಹೇಳಿದ ತಂತ್ರಾಂಶಗಳು ಈ ಬಗೆಯನ್ನೂ ಓದಬಲ್ಲವು.

ಇನ್ನು ಒಂದೇ ಕಡತದಲ್ಲಿ ಹಲವು ಕಂತುಗಳಿರುವ ಪ್ರಸಂಗ. ಟೇಪನ್ನು ಕಂಪ್ಯೂಟರಿಗೆ ಇಳಿಸಿದಾಗ ಸಿಗುವುದು ಎರಡು ಮೂರು ಗಂಟೆಗಳ ಒಂದೇ ಕಡತ. ಮೂರರಿಂದ ಐದರವರೆಗಿನ ಕಂತುಗಳಿದ್ದರೆ ‘ಎಸ್01ಇ03-ಇ05’ ಎಂದು ಹೆಸರಿಡಬಹುದು. ಆಗ ಗ್ರಂಥಾಲಯದಲ್ಲಿ ಮೂರೂ ಕಂತುಗಳ ಗುರುತು ಇರುತ್ತದೆ. ಆದರೆ ಸಾಮಾನ್ಯವಾಗಿ ಐದನೆಯದನ್ನು ಒತ್ತಿದರೂ ಓಟ ತೊಡಗುವುದು ಮೂರನೆಯದರಿಂದಲೇ. ಇದು ಕಿರಿಕಿರಿಯೆನಿಸಿದರೆ ಕಡತವನ್ನು ಕಂತುಕಂತಾಗಿ ಕತ್ತರಿಸಬಹುದು. ಮತ್ತೆ ಸಂಕುಚಿತಗೊಳಿಸದೆ ಕತ್ತರಿಸುವ ಉಚಿತ ತಂತ್ರಾಂಶಗಳಿವೆ. ಅವುಗಳಿಂದ ಚಿತ್ರದ ಗುಣ ಕುಗ್ಗದು. ಹೇಗೆ ಮಾಡಿದರೂ ಕತ್ತರಿಸದ ಮೂಲ ಕಡತವನ್ನು ಅಳಿಸಬಾರದು.

ಆರಂಭದಲ್ಲಿ ಹೇಳಿದ ಪಟ್ಟಿಗೆ ಈಗ ಮರಳೋಣ: 3, 4, 5, 7. ಈ ಟೇಪಿನ ಕಡತಕ್ಕೆ ಅವಸರದಲ್ಲಿ ‘ಇ03-ಇ07’ ಎಂದು ಹೆಸರಿಟ್ಟವರು ನಾವೇ. ನಡುವಿನ ಗೆರೆಯ ಅರ್ಥ ‘ಇಲ್ಲಿಂದ ಅಲ್ಲಿಯವರೆಗೆ ಎಲ್ಲವೂ’ ಎಂದು. ಪರಿಣಾಮವಾಗಿ ಗ್ರಂಥಾಲಯವು ಆರನೆಯ ಕಂತು ನಮ್ಮಲ್ಲಿದೆ ಎಂದು ತೋರಿಸತೊಡಗಿತು; ಇದೆಯೆಂದು ನಂಬಿ ಅದನ್ನು ಹುಡುಕುವುದನ್ನೇ ಬಿಟ್ಟೆವು. ನೀಲಿ ಶಾಯಿಯಲ್ಲಿ ಬರೆದವರು ಮಾಡದ ತಪ್ಪನ್ನು ನಾವು ಮಾಡಿದ್ದೆವು. ಏಳನೆಯ ಕಂತನ್ನು ಬೇರೆ ಕಡತವಾಗಿ ಕತ್ತರಿಸಿದ ಮೇಲೆ ಆರರ ಜಾಗ ಖಾಲಿಯಾಗಿ ಕಂಡಿತು; ಹುಡುಕಾಟ ಮತ್ತೆ ಆರಂಭವಾಯಿತು.

ಇಲ್ಲೊಂದು ಎಚ್ಚರವೂ ಬೇಕು. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಕಂತುಗಳು 39. 2006ರಲ್ಲಿ ಕವಿತಾ ಲಂಕೇಶ್ ಮತ್ತೆ 15 ಕಂತುಗಳನ್ನು ನಿರ್ದೇಶಿಸಿದರು. ‘ಸ್ವಾಮಿ ಅಂಡ್ ಫ್ರೆಂಡ್ಸ್’, ‘ದಿ ವೆಂಡರ್ ಆಫ್ ಸ್ವೀಟ್ಸ್’ ಕಾದಂಬರಿಗಳು ಹಲವು ಕಂತುಗಳಲ್ಲಿ ಹರಿಯುತ್ತವೆ; ಉಳಿದವುಗಳಲ್ಲಿ ಹೆಚ್ಚಿನವು ಬಿಡಿ ಕತೆಗಳು. ಮನೆಯ ಟೇಪಿನ ಮೇಲಿನ ‘7’ ಆ ಮನೆಯವರ ಎಣಿಕೆಯೇ ಹೊರತು ಪ್ರಸಾರದ ಸಂಖ್ಯೆಯೇ ಆಗಿರಬೇಕೆಂದಿಲ್ಲ. ಆದ್ದರಿಂದ ಹೆಸರಿನಲ್ಲಿ ಅಂಕೆಯೊಂದಿಗೆ ಕತೆಯ ಶೀರ್ಷಿಕೆಯನ್ನೂ ಸೇರಿಸುವುದು ಲೇಸು. ಟೇಪಿನ ಪಟ್ಟಿಯ ಫೋಟೊ ತೆಗೆದು ಅದೇ ಫೋಲ್ಡರಿನಲ್ಲಿಡುವುದು ಇನ್ನೂ ಲೇಸು. ಆ ಕೈಬರಹ ಯಾವ ತಂತ್ರಾಂಶದಲ್ಲಿಯೂ ಸಿಗದು.

ಮನೆಯ ಕಪಾಟು ಏಕೆ ಮುಖ್ಯ

ಇದೆಲ್ಲ ಅಂತರಜಾಲದಲ್ಲಿ ಸಿಗುತ್ತದಲ್ಲ ಎಂದು ಮಕ್ಕಳು ಕೇಳುತ್ತಾರೆ. ಕೆಲವು ಸಿಗುತ್ತವೆ, ಎಲ್ಲವೂ ಸಿಗುವುದಿಲ್ಲ. ಪ್ರಸಾರ ಸಂಸ್ಥೆಗಳ ಭಂಡಾರಗಳಲ್ಲಿ ಎಲ್ಲವೂ ಉಳಿದಿರುತ್ತದೆ ಎಂಬ ನಂಬಿಕೆಯನ್ನು ಜಗತ್ತಿನ ಅನುಭವ ಸುಳ್ಳಾಗಿಸಿದೆ. 1963ರಲ್ಲಿ ಆರಂಭವಾದ ಬ್ರಿಟನ್ನಿನ ‘ಡಾಕ್ಟರ್ ಹೂ’ ಧಾರಾವಾಹಿಯ ಆರಂಭಿಕ ಕಂತುಗಳಲ್ಲಿ ಎಷ್ಟನ್ನೋ ಬಿ.ಬಿ.ಸಿ.ಯೇ ಅಳಿಸಿಹಾಕಿತು. ಟೇಪು ದುಬಾರಿಯಾಗಿತ್ತು, ಮತ್ತೆ ನೋಡುವವರು ಯಾರೆಂದು ಆಗ ಭಾವಿಸಿದ್ದರು. ಅವುಗಳಲ್ಲಿ ಒಂಬತ್ತು ಕಂತುಗಳು ಸಿಕ್ಕಿದ ಸುದ್ದಿ 2013ರಲ್ಲಿ ಬಂದಿತು. ಸಿಕ್ಕಿದ್ದು ಲಂಡನ್ನಿನಲ್ಲಲ್ಲ, ನೈಜೀರಿಯದ ಜೋಸ್ ನಗರದ ಟಿ.ವಿ. ಕೇಂದ್ರವೊಂದರ ಕಪಾಟಿನಲ್ಲಿ. ತವರಿನಲ್ಲಿ ಕಳೆದುಹೋದುದು ಪರದೇಶದಲ್ಲಿ ಉಳಿದಿತ್ತು. ಪರದೇಶದಲ್ಲಿರುವ ನಮಗೆ ಈ ಸಂಗತಿ ಒಂದು ಹೊಣೆಯನ್ನು ನೆನಪಿಸುತ್ತದೆ.

ನಮ್ಮ ಟೇಪುಗಳಲ್ಲಿ ಧಾರಾವಾಹಿಯಷ್ಟೇ ಇರುವುದಿಲ್ಲ. ನಡುವೆ ಆ ಕಾಲದ ಜಾಹೀರಾತುಗಳಿವೆ, ವಾರ್ತೆಯ ತುಣುಕುಗಳಿವೆ. ಧಾರಾವಾಹಿ ಮುಗಿದ ಮೇಲೆ ಉಳಿದ ಟೇಪಿನಲ್ಲಿ ರಾಜ್ಯೋತ್ಸವದ ನಾಟಕವೋ ಮಗುವಿನ ಹುಟ್ಟುಹಬ್ಬವೋ ಇದೆ. ಇವುಗಳ ಬೇರೆ ಪ್ರತಿ ಎಲ್ಲಿಯೂ ಇರಲಾರದು. ಇಂತಹವನ್ನು ಕತ್ತರಿಸಿ ಎಸೆಯದೆ, ‘ಸರಣಿ 00’ ಎಂಬ ವಿಶೇಷ ಫೋಲ್ಡರಿನಲ್ಲಿಡುವ ಅನುಕೂಲವನ್ನು ಆ ತಂತ್ರಾಂಶಗಳೇ ಒದಗಿಸುತ್ತವೆ.

ಕಾಲಾವಕಾಶ ಮಾತ್ರ ಹೆಚ್ಚಿಲ್ಲ. ಕಾಂತಪಟ್ಟಿಗೆ ಶಾಖ ಆಗದು. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ದಾಖಲಾದ ಉಷ್ಣಾಂಶ 53.9 ಡಿಗ್ರಿ ಸೆಲ್ಸಿಯಸ್. ಬೇಸಗೆಯಲ್ಲಿ ಎ.ಸಿ. ಆರಿಸಿ ಊರಿಗೆ ಹೋಗುವ ನಾವು, ಒಳಗಿನ ಟೇಪುಗಳನ್ನು ಎರಡು ತಿಂಗಳು ಒಲೆಯಲ್ಲಿಟ್ಟು ಹೋದಂತೆಯೇ. ಹಾರ್ಡ್‌ಡಿಸ್ಕುಗಳೂ ಚಿರಂಜೀವಿಗಳಲ್ಲ, ಎರಡು ಪ್ರತಿಗಳಿರಲಿ, ಒಂದು ಊರಿನ ಮನೆಯಲ್ಲಿರಲಿ. ಇವು ಮನೆಯವರ ನೋಟಕ್ಕಾಗಿ ಇಟ್ಟುಕೊಂಡವು. ಹಂಚುವ, ಮಾರುವ ಹಕ್ಕು ನಿರ್ಮಾಪಕರದು ಎಂಬುದನ್ನೂ ಮರೆಯಬಾರದು.

ಎಲ್ಲಕ್ಕಿಂತ ಹೆಚ್ಚಾಗಿ, ಟೇಪಿನ ಮೇಲಿನ ಅಕ್ಷರ ಯಾರದು, ಯಾವ ವರ್ಷದ್ದು, ಆರನೆಯ ಕಂತು ಏಕಿಲ್ಲ ಎಂದು ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ನಿವೃತ್ತರಾಗಿ ಊರಿಗೆ ಮರಳುತ್ತಿದ್ದಾರೆ. ಮನೆ ಖಾಲಿ ಮಾಡುವ ದಿನ ಕಂಟೇನರಿಗೆ ಏರುವುದು ಸೋಫಾ, ಫ್ರಿಜ್ಜು. ಬೀದಿಯ ಕಸದ ಡಬ್ಬಿಗೆ ಬೀಳುವುದು ಕ್ಯಾಸೆಟ್ಟಿನ ರಟ್ಟಿನ ಪೆಟ್ಟಿಗೆ. 1990ರಲ್ಲಿ ನಾವು ಅವನ್ನು ಬಿಟ್ಟುಹೋದುದು ಅನಿವಾರ್ಯವಾಗಿ. ಈಗ ಎಸೆದರೆ ಆ ಸಮಾಧಾನವೂ ಇರದು.

ಆದುದರಿಂದ ಸದಸ್ಯ ಕುಟುಂಬಗಳಲ್ಲಿ ನಮ್ಮ ವಿನಂತಿ ಚಿಕ್ಕದು. ಈ ರಜೆಗೆ ಹೊರಡುವ ಮುನ್ನ ಪೆಟ್ಟಿಗೆಯನ್ನು ತೆರೆದು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಟೇಪಿನಲ್ಲಿ ಯಾವ ಕಂತು ಎಂದು ಒಂದು ಹಾಳೆಯ ಮೇಲೆ ಬರೆಯಿರಿ. ಇಲ್ಲದ ಕಂತುಗಳನ್ನೂ ಬರೆಯಿರಿ. ನಮ್ಮಲ್ಲಿ ‘ಮಾಲ್ಗುಡಿ’ಯ 3, 4, 5, 7 ಇವೆ. ಆರನೆಯದು ನಿಮ್ಮ ಮನೆಯ ಪೆಟ್ಟಿಗೆಯಲ್ಲಿದ್ದರೆ ತಿಳಿಸಿ. ಒಂದು ಶುಕ್ರವಾರ ಸಂಜೆ ನಿಮ್ಮ ಮನೆಗೇ ಬಂದು, ಎಲ್ಲರೂ ಕೂಡಿ ನೋಡೋಣ.